ಬೂಸ್ಟು ಜೋಳದ ವಿಷ ಯಾವುದು? ದಖ್ಖನಿನ 1995ರ ಪ್ರಕರಣದ ಮರುಪರಿಶೀಲನೆ

ಮುಂಗಾರಿ ಜೋಳದ ತೆನೆ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಫ್ಯುಸೇರಿಯಂ, ಕರ್ವುಲೇರಿಯಾ ಮೊದಲಾದ ಶಿಲೀಂಧ್ರಗಳಿಂದ ಕಾಳಿಗೆ ಬೂಸ್ಟು ಹತ್ತುತ್ತದೆ. ಒಣಹವೆಯಲ್ಲಿ ಮಾಗುವ ಹಿಂಗಾರಿಯ ಮಾಲ್ದಂಡಿ ಜೋಳ ಬಹುಮಟ್ಟಿಗೆ ಪಾರಾಗುತ್ತದೆ. ಇಷ್ಟರಲ್ಲಿ ತಕರಾರಿಲ್ಲ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆನೆದ ಜೋಳ, ಮೆಕ್ಕೆಜೋಳ ಉಂಡವರಿಗೆ ಹೊಟ್ಟೆನೋವು, ಭೇದಿ ಕಾಣಿಸಿಕೊಂಡವು. ಸಮೀಕ್ಷೆಗೊಳಗಾದ 50 ಹಳ್ಳಿಗಳಲ್ಲಿ 27ಕ್ಕೆ ಇದು ತಟ್ಟಿತ್ತು. ನರಳಿದವರು ಹೆಚ್ಚಾಗಿ ಕಡುಬಡವರು. ಆ ಕಾಳು ಬಿಟ್ಟೊಡನೆ ಗುಣವಾಯಿತು. ರಮೇಶ್ ಭಟ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಫ್ಯುಸೇರಿಯಂ ತಯಾರಿಸುವ ಫ್ಯೂಮೊನಿಸಿನ್ ವಿಷಕ್ಕೆ ಗಂಟುಹಾಕಿದರು. ಬೂಸ್ಟು ಕಾಳೇ ಕಾರಣವೆಂಬುದನ್ನು ಅವರು ಚೆನ್ನಾಗಿ ತೋರಿಸಿದ್ದಾರೆ. ಅದರೊಳಗಿನ ಯಾವ ವಿಷ ಎಂಬುದು ಮಾತ್ರ, ಜೋಳದ ಮಟ್ಟಿಗೆ, ಇತ್ಯರ್ಥವಾಗಿಲ್ಲವೆಂದು ನನ್ನ ವಾದ.

ಅವರದೇ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕಾಯಿಲೆಯ ಮನೆಗಳ ಜೋಳದಲ್ಲಿ ಕಿಲೋಗೆ 0.14ರಿಂದ 7.8 ಮಿಲಿಗ್ರಾಂ ಫ್ಯೂಮೊನಿಸಿನ್ ಬಿ1 ಇತ್ತು. ಕಾಯಿಲೆಯಿಲ್ಲದ ಮನೆಗಳಲ್ಲಿ 0.07ರಿಂದ 0.36. ಅಂದರೆ ಕೆಳಗಿನ ತುದಿಯಲ್ಲಿ ಎರಡೂ ಒಂದರೊಳಗೊಂದು ಸೇರಿಕೊಂಡಿವೆ. ಬಡವರು ಹೆಚ್ಚು ರೊಟ್ಟಿ ಉಣ್ಣುತ್ತಾರೆ, ಹಾಗಾಗಿ ಕಡಿಮೆ ಪ್ರಮಾಣವೂ ದೇಹಕ್ಕೆ ಹೆಚ್ಚಾಗುತ್ತದೆ ಎನ್ನಬಹುದು. ಒಪ್ಪತಕ್ಕ ಮಾತೇ, ಕಾವಲಿಯ ಶಾಖಕ್ಕೆ ಈ ವಿಷ ಸುಲಭವಾಗಿ ನಾಶವಾಗುವುದೂ ಇಲ್ಲ. ಆದರೆ ಹೆಚ್ಚು ಉಂಡವರಿಗೆ ಆ ಕಾಳಿನ ಉಳಿದ ವಿಷಗಳೂ ಅಷ್ಟೇ ಹೆಚ್ಚು ಸೇರಿರುತ್ತವೆ. ಅವರು ಕೋಳಿಮರಿಗಳಿಗೆ ಅದೇ ಕಾಳು ತಿನ್ನಿಸಿ ಭೇದಿ ತರಿಸಿದ ಪ್ರಯೋಗಕ್ಕೂ ಇದೇ ಮಿತಿ: ಅಲ್ಲಿ ತಪ್ಪಿತಸ್ಥವೆಂದು ರುಜುವಾದದ್ದು ಇಡೀ ಕಾಳು. ಇನ್ನೊಂದು ಸಂಗತಿ, ಹಿಂದೆ ಫ್ಯುಸೇರಿಯಂ ಮೊನಿಲಿಫಾರ್ಮೆ ಎಂದು ಒಟ್ಟಾಗಿ ಎಣಿಸುತ್ತಿದ್ದ ಗುಂಪಿನಿಂದ ಫ್ಯುಸೇರಿಯಂ ಥ್ಯಾಪ್ಸಿನಂ ಬೇರ್ಪಟ್ಟದ್ದು 1997ರಲ್ಲೇ. ಜೋಳದಲ್ಲಿ ಸಾಮಾನ್ಯವಾದ ಈ ಪ್ರಭೇದ ಫ್ಯೂಮೊನಿಸಿನ್ನನ್ನು ಅತ್ಯಲ್ಪವಾಗಿ, ಮೊನಿಲಿಫಾರ್ಮಿನ್ ಎಂಬ ಬೇರೆ ವಿಷವನ್ನು ಧಾರಾಳವಾಗಿ ತಯಾರಿಸುತ್ತದೆ. ಆದ್ದರಿಂದ, ತೀರ ಎಚ್ಚರದಿಂದಲೇ ಹೇಳುವುದಾದರೆ, ಜೋಳದಲ್ಲಿ ಸಿಕ್ಕ ಫ್ಯೂಮೊನಿಸಿನ್ ಬೂಸ್ಟಿನ ಗುರುತಾಗಿದ್ದು, ಭೇದಿಗೆ ಅದು ಏಕೈಕ ಕಾರಣವಾಗಿರದೆ ಇರಬಹುದು.

ಮೆಕ್ಕೆಜೋಳಕ್ಕೆ ಈ ಸಂಶಯವನ್ನು ಹಿಗ್ಗಿಸಲಾಗದು. ಅಲ್ಲಿ ಪ್ರಮಾಣ 64.7 ಮಿಲಿಗ್ರಾಂವರೆಗೆ ಏರಿತ್ತು. ಕಾಯಿಲೆಯಿಲ್ಲದ ಮನೆಗಳದು 0.24 ದಾಟಿರಲಿಲ್ಲ. ಜೋಳದಲ್ಲಿ ಎರಡು ವಿಷಗಳು ಕೂಡಿ ಕೆಲಸ ಮಾಡಿದವೋ, ಒಂದೇ ಸಾಕಾಯಿತೋ ಎಂಬುದು ತೆರೆದ ಪ್ರಶ್ನೆ. ಶುದ್ಧ ವಿಷಗಳನ್ನು ಬೂಸ್ಟು ಕಾಳಿನಲ್ಲಿರುವ ಪ್ರಮಾಣದಲ್ಲೇ ಬೇರೆಬೇರೆಯಾಗಿಯೂ ಕೂಡಿಸಿಯೂ ಉಣಿಸಿ ನೋಡಿದರೆ ಮಾತ್ರ ಅದು ಬಗೆಹರಿದೀತು.