ಹಡಗು ನಿಂತ್ರೆ ಮಾಸ್ತಿ ಅಂಗಡಿಗೇನು? ಕೊರೊನಾ ಕಾಲದ ಸರಕು ಸಾಗಣೆ: ಒಂದು ಮಾಹಿತಿ

ಮಾಸ್ತಿ: ಕೊರೊನಾ ವರ್ಷಗಳಲ್ಲಿ ಅಡುಗೆ ಎಣ್ಣೆ, ಮೊಬೈಲ್ ಬಿಡಿಭಾಗ, ಪ್ಲಾಸ್ಟಿಕ್ ಸಾಮಾನು ಹೀಗೆ ಒಂದೊಂದರ ರೇಟೂ ಏರಿದಾಗ ಗಿರಾಕಿಗಳು ಬೈದಿದ್ದು ಅಂಗಡಿಯವರನ್ನ. ಅಂಗಡಿಯವರು ಹೋಲ್‌ಸೇಲ್‌ನವರ ಕಡೆ ಕೈ ತೋರಿಸಿದರು. ಅವರು "ಮೇಲಿಂದಲೇ ಮಾಲು ಬರ್ತಿಲ್ಲ" ಅಂದರು. ಆ 'ಮೇಲೆ' ಅಂದರೆ ಎಲ್ಲಿ, ಅಲ್ಲಿ ಏನಾಗಿತ್ತು ಅನ್ನೋ ವಿವರ ಇಲ್ಲಿದೆ.

ನಮಗೂ ಹಡಗಿಗೂ ಏನು ಸಂಬಂಧ?

ನಮ್ಮ ಜಿಲ್ಲೆಗೆ ಸಮುದ್ರ ಇಲ್ಲ, ನಿಜ. ಆದರೆ ಸಮುದ್ರಕ್ಕೆ ಹೋಗೋ ದಾರಿ ನಮ್ಮ ತಾಲೂಕಿನ ಮಧ್ಯದಲ್ಲೇ ಇದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕಾನ್‌ಕಾರ್ ಸಂಸ್ಥೆಯ ಒಣ ಬಂದರು ಇದೆ. ಕಸ್ಟಮ್ಸ್ ಕೆಲಸ ಅಲ್ಲೇ ಮುಗಿಸಿ, ಕಂಟೇನರ್‌ಗಳನ್ನು ರೈಲಿಗೆ ಏರಿಸಿ ಚೆನ್ನೈ ಬಂದರಿಗೆ ಕಳಿಸುತ್ತಾರೆ. ಮಾಲೂರು, ಬಂಗಾರಪೇಟೆ ಮೇಲೆ ಹೋಗೋ ಆ ಡಬ್ಬಿ ರೈಲುಗಳನ್ನು ಗೇಟಿನಲ್ಲಿ ನಿಂತು ನೋಡದವರು ಕಡಿಮೆ. ದೇಶದ ವಿದೇಶಿ ವ್ಯಾಪಾರದಲ್ಲಿ ತೂಕದ ಲೆಕ್ಕಕ್ಕೆ ಶೇ. 95ರಷ್ಟು ಸಮುದ್ರದ ಮೇಲೇ ನಡೆಯುತ್ತದೆ.

ಮೊದಲು ನಿಂತಿದ್ದು ಏನು?

2020ರ ಆರಂಭದಲ್ಲಿ ಚೀನಾದ ಕಾರ್ಖಾನೆಗಳು ಮುಚ್ಚಿದವು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಸಾಂಕ್ರಾಮಿಕ ಎಂದು ಘೋಷಿಸಿತು. ಮಾರ್ಚ್ 25ರಿಂದ ನಮ್ಮಲ್ಲಿ ಲಾಕ್‌ಡೌನ್. ಬಂದರುಗಳನ್ನು ಪೂರ್ತಿ ಮುಚ್ಚಿರಲಿಲ್ಲ, ಆದರೆ ಲಾರಿ ಡ್ರೈವರ್‌ಗಳು, ಹಮಾಲರು ಊರು ಸೇರಿಬಿಟ್ಟಿದ್ದರು. ಮಾಲು ಇಳಿಯಿತು, ಮುಂದಕ್ಕೆ ಹೋಗಲಿಲ್ಲ.

ಕಂಟೇನರ್ ಸಕಾಲಕ್ಕೆ ಖಾಲಿ ಮಾಡಿ ವಾಪಸ್ ಕೊಡದಿದ್ದರೆ ದಿನದ ಲೆಕ್ಕದಲ್ಲಿ ದಂಡ ಬೀಳುತ್ತದೆ, ಇದಕ್ಕೆ ಡಿಟೆನ್ಷನ್ ಅಂತಾರೆ. ಲಾಕ್‌ಡೌನ್ ಸಮಯದಲ್ಲಿ ಈ ದಂಡ ಹಾಕಬೇಡಿ ಎಂದು ಕೇಂದ್ರದ ಹಡಗು ಮಹಾನಿರ್ದೇಶನಾಲಯ ಹಡಗು ಕಂಪನಿಗಳಿಗೆ ಹೇಳಬೇಕಾಯಿತು.

ಹಡಗಿನ ಸಿಬ್ಬಂದಿ ಕಥೆ ಇನ್ನೂ ಕಷ್ಟ. ದೇಶಗಳು ಗಡಿ ಮುಚ್ಚಿದ್ದರಿಂದ ಅವಧಿ ಮುಗಿದರೂ ಇಳಿದು ಮನೆಗೆ ಹೋಗೋಕೆ ಆಗಲಿಲ್ಲ. 2020ರ ಕೊನೆಗೆ ಹೀಗೆ ಸಿಕ್ಕಿಬಿದ್ದವರು ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಅಂದಾಜು ಮಾಡಿತ್ತು.

ಖಾಲಿ ಡಬ್ಬಿ ಎಲ್ಲಿ ಹೋಯ್ತು?

ಮನೆಯಲ್ಲೇ ಕೂತ ಅಮೆರಿಕ, ಯುರೋಪಿನ ಜನ ಟಿವಿ, ಲ್ಯಾಪ್‌ಟಾಪ್, ಪೀಠೋಪಕರಣ ಒಂದೇ ಸಮನೆ ತರಿಸಿಕೊಂಡರು. ಕಂಟೇನರ್‌ಗಳು ಆ ಕಡೆ ಹೋಗಿ ಅಲ್ಲೇ ಉಳಿದವು. ಲಾಸ್ ಏಂಜಲೀಸ್ ಬಂದರಿನ ಕಡೆ 2021ರ ಕೊನೆಗೆ ನೂರಕ್ಕೂ ಹೆಚ್ಚು ಹಡಗುಗಳು ಸರದಿಯಲ್ಲಿ ಕಾಯುತ್ತಿದ್ದವು. ಅದೇ ವರ್ಷ ಮಾರ್ಚ್‌ನಲ್ಲಿ 'ಎವರ್ ಗಿವನ್' ಹಡಗು ಅಡ್ಡ ಸಿಕ್ಕಿಕೊಂಡು ಸೂಯೆಜ್ ಕಾಲುವೆ ಆರು ದಿನ ಬಂದ್ ಆಗಿತ್ತು. ಆಗಸ್ಟ್‌ನಲ್ಲಿ ಒಬ್ಬ ಕಾರ್ಮಿಕನಿಗೆ ಸೋಂಕು ಬಂತು ಅಂತ ಚೀನಾದ ನಿಂಗ್ಬೋ ಬಂದರಿನ ಒಂದು ಟರ್ಮಿನಲ್ ಸುಮಾರು ಎರಡು ವಾರ ಮುಚ್ಚಿತು. ಇತ್ತ ನಮ್ಮ ರಫ್ತುದಾರರ ಬಳಿ ಮಾಲು ಇತ್ತು, ಡಬ್ಬಿ ಇರಲಿಲ್ಲ.

ಬಾಡಿಗೆ ಏರಿದ ಲೆಕ್ಕ

ಡ್ರೂರಿ ಸಂಸ್ಥೆ ಎಂಟು ಮುಖ್ಯ ಮಾರ್ಗಗಳ ಸರಾಸರಿ ಬಾಡಿಗೆ ಲೆಕ್ಕ ಇಡುತ್ತದೆ. 2019ರಲ್ಲಿ 40 ಅಡಿ ಕಂಟೇನರ್‌ಗೆ ಸುಮಾರು 1,420 ಡಾಲರ್, ಅಂದರೆ ಹತ್ತಿರ ಹತ್ತಿರ 1 ಲಕ್ಷ ರೂಪಾಯಿ ಇತ್ತು. 2021ರ ಸೆಪ್ಟೆಂಬರ್‌ಗೆ ಅದು 10,377 ಡಾಲರ್ ಮುಟ್ಟಿತು, ಏಳೂವರೆ ಲಕ್ಷ ದಾಟಿತು.

ಒಂದು ಡಬ್ಬಿಯಲ್ಲಿ 2,000 ಪ್ಲಾಸ್ಟಿಕ್ ಕುರ್ಚಿ ಇವೆ ಅಂತಿಟ್ಟುಕೊಳ್ಳಿ. ಕುರ್ಚಿಗೆ 50 ರೂ. ಇದ್ದ ಬಾಡಿಗೆ 375 ರೂ. ಆಗುತ್ತದೆ. ಅದೇ ಡಬ್ಬಿಯಲ್ಲಿ 50,000 ಮೊಬೈಲ್ ಡಿಸ್‌ಪ್ಲೇ ಇದ್ದರೆ ಒಂದಕ್ಕೆ 2 ರೂ. ಇದ್ದದ್ದು 15 ರೂ. ಅಷ್ಟೇ. ಜಾಗ ಜಾಸ್ತಿ ತಿನ್ನೋ ಅಗ್ಗದ ಮಾಲಿಗೆ ಹೊಡೆತ ಜಾಸ್ತಿ. "ಬಾಡಿಗೆ ಏರಿದೆ" ಅಂತ ಎಲ್ಲ ವಸ್ತುವಿಗೂ ಒಂದೇ ಕಾರಣ ಕೊಟ್ಟರೆ ಪೂರ್ತಿ ನಂಬೋ ಹಾಗಿಲ್ಲ.

ವಿಮಾನ ಇರಲಿಲ್ವಾ?

ವಿಮಾನದಲ್ಲಿ ಹೋಗೋ ಸರಕಿನಲ್ಲಿ ಹೆಚ್ಚುಕಡಿಮೆ ಅರ್ಧ ಹೋಗ್ತಿದ್ದದ್ದು ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ. 2020ರ ಮಾರ್ಚ್ ಕೊನೆಗೆ ನಿಂತ ನಿಯಮಿತ ವಿದೇಶಿ ವಿಮಾನಗಳು ಪೂರ್ತಿ ಶುರುವಾಗಿದ್ದು 2022ರ ಮಾರ್ಚ್ 27ಕ್ಕೆ. ಸರಕು ವಿಮಾನಗಳು ಹಾರುತ್ತಿದ್ದರೂ ಜಾಗ ಕಡಿಮೆ, ರೇಟು ಜಾಸ್ತಿ. ಹೊಸೂರು, ಬೆಂಗಳೂರು ಗ್ರಾಮಾಂತರದ ಪಾಲಿಹೌಸ್ ಗುಲಾಬಿ ಬೆಳೆಗಾರರು ಲಾಕ್‌ಡೌನ್‌ನಲ್ಲಿ ಹೂವು ಕಿತ್ತು ತಿಪ್ಪೆಗೆ ಹಾಕಬೇಕಾಯಿತು.

ನಮ್ಮ ಕಡೆ ಆದದ್ದು

ಮಾವು: ಶ್ರೀನಿವಾಸಪುರ ಕಡೆಯ ತೋತಾಪುರಿ ಚಿತ್ತೂರು, ಕೃಷ್ಣಗಿರಿ ಕಡೆಯ ತಿರುಳು ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿಂದ ಡ್ರಮ್‌ಗಳಲ್ಲಿ ಸೌದಿ, ನೆದರ್ಲೆಂಡ್ಸ್ ಮುಂತಾದ ಕಡೆಗೆ. ಹಳೇ ದಾಸ್ತಾನು ಹಡಗು ಹತ್ತದಿದ್ದರೆ ಕಾರ್ಖಾನೆ ಹೊಸ ಹಣ್ಣಿಗೆ ರೇಟು ಕೊಡಲ್ಲ. ಚೆನ್ನೈ ಬಂದರಿನ ಸಮಸ್ಯೆ ಮಂಡಿಯಲ್ಲಿ ರೈತನ ತಲೆ ಮೇಲೆ ಬೀಳೋದು ಹೀಗೆ.

ರೇಷ್ಮೆ: ಇಲ್ಲಿ ಉಲ್ಟಾ ಆಯ್ತು. 2020ರಲ್ಲಿ ನೇಯ್ಗೆ ನಿಂತು ಗೂಡಿನ ಬೆಲೆ ಬಿದ್ದಿತ್ತು. ಆಮೇಲೆ ಮದುವೆಗಳು ಶುರುವಾದವು, ಚೀನಾ ರೇಷ್ಮೆ ಆಮದು ಕಡಿಮೆಯಾಗಿತ್ತು, 2021ರ ಕೊನೆಗೆ ಗೂಡಿಗೆ ಒಳ್ಳೇ ಬೆಲೆ ಬಂತು.

ಗೊಬ್ಬರ: ಡಿಎಪಿ ಮತ್ತು ಅದರ ಕಚ್ಚಾವಸ್ತು ಹೊರಗಿಂದ ಬರುತ್ತವೆ. 2021ರಲ್ಲಿ ಒಂದು ಚೀಲದ ಅಸಲು 2,400 ರೂ.ಗೆ ಏರಿದಾಗ ಕೇಂದ್ರ ಸಬ್ಸಿಡಿಯನ್ನು 500 ರೂ.ನಿಂದ 1,200 ರೂ.ಗೆ ಏರಿಸಿತು. ಹಾಗಾಗಿ ರೈತರಿಗೆ 1,200 ರೂ. ದರವೇ ಉಳಿಯಿತು.

ಅಡುಗೆ ಎಣ್ಣೆ: ಇದು ಕಂಟೇನರ್‌ನಲ್ಲಿ ಅಲ್ಲ, ಟ್ಯಾಂಕರ್ ಹಡಗಿನಲ್ಲಿ ಬರೋದು. ಮಲೇಷ್ಯಾದ ತಾಳೆ ತೋಟಗಳಿಗೆ ಹೊರದೇಶದ ಕೂಲಿಗಳು ಬರಲಾಗದೆ ಕೊಯ್ಲು ಕುಂಠಿತವಾದದ್ದು ಬೆಲೆ ಏರಲು ಒಂದು ದೊಡ್ಡ ಕಾರಣ.

ಮತ್ತೆ ಹೀಗಾದರೆ?

2023ರ ಹೊತ್ತಿಗೆ ಬಾಡಿಗೆ 1,500 ಡಾಲರ್ ಆಸುಪಾಸಿಗೆ ಇಳಿಯಿತು. ಆದರೆ ರೋಗವೋ ಯುದ್ಧವೋ, ದಾರಿ ಕಟ್ಟಿಕೊಂಡಾಗಲೆಲ್ಲ ಇದೇ ಸರಪಳಿ ಎಳೆಯುತ್ತದೆ. ಆಗ ಇಷ್ಟು ನೆನಪಿರಲಿ:

• ಅಂಗಡಿಯವರು: ಮಾಲು ಹಳೇ ದಾಸ್ತಾನೋ ಹೊಸದೋ ಎಂದು ಹೋಲ್‌ಸೇಲ್‌ನವರನ್ನು ಕೇಳಿ, ಬಿಲ್ ಪಡೆಯಿರಿ. ಹಬ್ಬದ ಮಾಲಿಗೆ ಮುಂಚೆಯೇ ಆರ್ಡರ್ ಕೊಡಿ. ಹಾಗಂತ ಸಾಲ ಮಾಡಿ ಗೋಡೌನ್ ತುಂಬಿಸಬೇಡಿ, ಬಾಡಿಗೆ ಇಳಿದ ದಿನ ಬೆಲೆಯೂ ಇಳಿಯುತ್ತದೆ.

• ಮಾವು ಬೆಳೆಗಾರರು: ಕೊಯ್ಲಿಗೆ ಮುಂಚೆ ಕಾರ್ಖಾನೆಗಳಲ್ಲಿ ಹಳೇ ತಿರುಳು ಎಷ್ಟು ಉಳಿದಿದೆ ಎಂದು ವಿಚಾರಿಸಿ. ಆ ವರ್ಷದ ರೇಟಿನ ಸುಳಿವು ಅಲ್ಲೇ ಸಿಗುತ್ತದೆ.

• ಗಿರಾಕಿಗಳು: ಹಡಗು ಎಲ್ಲೇ ನಿಂತಿರಲಿ, ಪ್ಯಾಕೆಟ್ ಮೇಲಿನ ಎಂಆರ್‌ಪಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ತಗೊಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.