ಕೂರಲೊಂದು ಸ್ಟೂಲು: ದುಡಿಯುವ ಜಾಗ ಹಿತವಾಗುತ್ತ ಬಂದ ಬಗೆ

1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಕೂರುವುದನ್ನು ಕುರಿತದ್ದು. ನಿಂತೇ ಕೆಲಸ ಮಾಡಬೇಕಾದವರಿಗೆ ಕೆಲಸದ ನಡುವೆ ಬಿಡುವು ಸಿಕ್ಕಾಗ ಕೂರಲು ತಕ್ಕ ಏರ್ಪಾಡು ಇರಬೇಕು ಎಂದು ಅದು ಹೇಳಿತು. ಅದರ ಆಚೀಚೆಯ ಕಲಮುಗಳೂ ಇಂಥ ಸಣ್ಣ ಸಂಗತಿಗಳನ್ನೇ ಹಿಡಿದವು: ಕೈಕಾಲು ತೊಳೆಯುವ ಜಾಗ, ಒದ್ದೆಯಾದ ಬಟ್ಟೆ ಒಣಗಿಸುವ ಜಾಗ, 250ಕ್ಕಿಂತ ಹೆಚ್ಚು ಜನರಿದ್ದರೆ ಕ್ಯಾಂಟೀನು. 18ನೇ ಕಲಮು ನೀರಿನದು. ನೀರಿಟ್ಟ ಜಾಗದ ಮೇಲೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ‘ಕುಡಿಯುವ ನೀರು’ ಎಂದು ಬರೆದಿರಬೇಕು, ಅದು ಶೌಚಾಲಯದಿಂದ ಆರು ಮೀಟರ್ ದೂರವಿರಬೇಕು, ದೊಡ್ಡ ಕಾರ್ಖಾನೆಗಳಲ್ಲಿ ಬೇಸಿಗೆಗೆ ತಂಪು ನೀರು ಕೊಡಬೇಕು ಎಂದು ಅದು ಹೇಳಿತ್ತು.

ದೇಶದ ಕಾನೂನೊಂದು ಸ್ಟೂಲು, ನಲ್ಲಿ, ಬಟ್ಟೆ ಒಣಗಿಸುವ ಹಗ್ಗದ ತನಕ ಬರೆದಿಡಬೇಕಾಯಿತು ಎಂದರೆ ಇವು ತಾವಾಗಿ ಬರಲಿಲ್ಲ ಎಂದೇ ಅರ್ಥ. ದುಡಿಯುವ ಜಾಗವನ್ನು ಸ್ವಲ್ಪ ಹಿತವಾಗಿಸುವ ಸಣ್ಣ ಸುಧಾರಣೆಗಳಿಗೆ ಇನ್ನೂರು ವರ್ಷಗಳ ಚರಿತ್ರೆಯಿದೆ. ಅದನ್ನು ಓದುತ್ತ ಹೋದರೆ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಆ ಕೆಲಸ ಮಾಡುವವರನ್ನು ಕೇಳಿ ಮಾಡಿದ ಸುಧಾರಣೆ ಉಳಿದಿದೆ. ಕೇಳದೆ ಮಾಡಿದ್ದು ಗೋಡೆಗೆ ಹಾಕಿದ ಬೋರ್ಡಾಗಿದೆ.

ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್‌ನಿಂದ ಈ ಕಥೆ ಹೇಳುವುದು ರೂಢಿ. 1800ರಲ್ಲಿ ಅಲ್ಲಿನ ಹತ್ತಿ ಗಿರಣಿಗಳ ಆಡಳಿತ ವಹಿಸಿಕೊಂಡ ರಾಬರ್ಟ್ ಓವೆನ್ ದುಡಿಮೆಯ ಅವಧಿ ತಗ್ಗಿಸಿದ, ಕೆಲಸಗಾರರ ಮಕ್ಕಳಿಗೆ ಶಾಲೆ ತೆರೆದ. ನಮ್ಮಲ್ಲಿ 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ತೆರೆದ ಜಮ್‌ಶೆಟ್‌ಜಿ ಟಾಟಾ, ನೂಲಿನ ಧೂಳು ಮತ್ತು ಸೆಕೆಯಲ್ಲಿ ಬೇಯುವವರಿಗಾಗಿ ಗಾಳಿಯಾಡುವ ವ್ಯವಸ್ಥೆ ಮಾಡಿಸಿದರು. ಇವರಿಬ್ಬರೂ ದೊಡ್ಡವರೇ. ಆದರೆ ಮಾಲೀಕನ ಒಳ್ಳೆಯ ಮನಸ್ಸಿನ ಮೇಲೆ ನಿಂತ ಸೌಕರ್ಯ ಆ ಮಾಲೀಕ ಇರುವ ತನಕ, ಆ ಗಿರಣಿಯ ಗೋಡೆಯ ತನಕ ಮಾತ್ರ.

ನನ್ನ ಲೆಕ್ಕದಲ್ಲಿ ಭಾರತದ ಕಥೆ ಮೊದಲಾಗುವುದು ಮುಂಬಯಿಯಲ್ಲಿ, 1884ರಲ್ಲಿ. ಆ ಹೊತ್ತಿಗೆ 1881ರ ಕಾರ್ಖಾನೆ ಕಾಯ್ದೆ ಬಂದಿತ್ತು. ಅದು ಕಂಡದ್ದು ಬಹುಮಟ್ಟಿಗೆ ಮಕ್ಕಳನ್ನೇ. ಏಳು ವರ್ಷ ತುಂಬದವರನ್ನು ಕೆಲಸಕ್ಕೆ ಹಚ್ಚಬಾರದು, ಹನ್ನೆರಡರ ಒಳಗಿನವರಿಗೆ ದಿನಕ್ಕೆ 9 ಗಂಟೆ ಸಾಕು ಎಂದಿತು. ದೊಡ್ಡವರಿಗೆ ರಜೆಯೂ ಇಲ್ಲ, ಊಟದ ಬಿಡುವೂ ಇಲ್ಲ. ಜ್ಯೋತಿಬಾ ಫುಲೆಯವರ ಒಡನಾಡಿ, ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕೆಲಸಗಾರರನ್ನು ಒಂದೆಡೆ ಸೇರಿಸಿ, ಸುಮಾರು 5,500 ಜನರ ಸಹಿ ಹಾಕಿಸಿ ಮನವಿಯೊಂದನ್ನು ಸಿದ್ಧಪಡಿಸಿದರು. ವಾರಕ್ಕೊಂದು ದಿನ, ಭಾನುವಾರ, ರಜೆ ಬೇಕು. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು. ತಿಂಗಳ 15ರೊಳಗೆ ಸಂಬಳ ಕೈಸೇರಬೇಕು. ಕೇಳಿದ್ದು ಇಂಥವು. ಕ್ರಾಂತಿಯ ಮಾತು ಒಂದೂ ಇಲ್ಲ. ರೊಟ್ಟಿ ತಿನ್ನಲು ಅರ್ಧ ಗಂಟೆ ಕೊಡಿ ಎನ್ನುವುದಕ್ಕಿಂತ ಮಿತವಾದ ಕೋರಿಕೆ ಇದ್ದೀತೆ? ಅದಕ್ಕೂ ಆರು ವರ್ಷ ಕಾಯಬೇಕಾಯಿತು. 1890ರ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಮರುವರ್ಷದ ಕಾಯ್ದೆಯಲ್ಲಿ ವಾರದ ರಜೆಯೂ ಅರ್ಧ ಗಂಟೆಯ ಬಿಡುವೂ ಸೇರಿಕೊಂಡವು. ಇವತ್ತು ನಾವು ಭಾನುವಾರ ಬೆಳಿಗ್ಗೆ ತಡವಾಗಿ ಏಳುತ್ತೇವಲ್ಲ, ಆ ನಿದ್ದೆಗೆ ಲೋಖಂಡೆಯವರ ಋಣವಿದೆ.

ಇದೇ ಕಾಲದಲ್ಲಿ ಪಶ್ಚಿಮದಲ್ಲಿ ಇನ್ನೊಂದು ದಾರಿ ತೆರೆಯಿತು. 1898ರಲ್ಲಿ ಅಮೆರಿಕದ ಕೊಡಕ್ ಕಂಪನಿ ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿ ಆರಂಭಿಸಿದಾಗ ಬಹುಮಾನ ಗಿಟ್ಟಿಸಿದ ಮೊದಲ ಸಲಹೆ ‘ಕಿಟಕಿಗಳನ್ನು ತೊಳೆಯಿರಿ’ ಎಂಬುದು. ಬಹುಮಾನ 2 ಡಾಲರ್. ಕಿಟಕಿಯಲ್ಲಿ ಮಂಕು ಕವಿದದ್ದು ಮೇಲಧಿಕಾರಿಗಳಿಗೆ ಕಾಣಲಿಲ್ಲ; ಆ ಬೆಳಕಿನಲ್ಲಿ ಕೆಲಸ ಮಾಡುವವನಿಗೆ ಕಂಡಿತು. ಮರುವರ್ಷ ಇಂಗ್ಲೆಂಡಿನಲ್ಲಿ ಅಂಗಡಿಯ ಮಹಿಳಾ ನೌಕರರಿಗಾಗಿಯೇ ಕಾಯ್ದೆ ಬಂತು: ಪ್ರತಿ ಮೂವರಿಗೆ ಒಂದು ಆಸನವಾದರೂ ಇರಬೇಕು. ಈ 1899 ಎಂಬ ಇಸವಿ ನೆನಪಿರಲಿ, ಇದೇ ಮಾತು ನಮ್ಮ ಪಕ್ಕದ ಕೇರಳದಲ್ಲಿ ಎಷ್ಟು ತಡವಾಗಿ ಬಂತೆಂಬುದನ್ನು ಮುಂದೆ ನೋಡೋಣ.

ಗಾರೆ ಕೆಲಸ ಕಲಿತು ಬಂದಿದ್ದ ಫ್ರಾಂಕ್ ಗಿಲ್‌ಬ್ರೆತ್ ಎಂಬ ಅಮೆರಿಕದವನು ಒಂದು ಸರಳ ವಿಚಾರ ಕಂಡುಕೊಂಡ. ಎರಡು ಕಿಲೋ ತೂಕದ ಇಟ್ಟಿಗೆ ಎತ್ತಲು ಮೇಸ್ತ್ರಿ ಪ್ರತಿ ಸಲವೂ ತನ್ನ ಇಡೀ ಮೈಭಾರವನ್ನು ಬಗ್ಗಿಸಿ ಎತ್ತುತ್ತಾನೆ. ದಿನಕ್ಕೆ ಸಾವಿರ ಸಲ ಬಗ್ಗಿದರೆ ಸೊಂಟದ ಗತಿಯೇನು? ಗೋಡೆ ಏರಿದಂತೆ ತಾನೂ ಏರುವ ಸಾರುವೆಯನ್ನು ಗಿಲ್‌ಬ್ರೆತ್ ಮಾಡಿದ. ಇಟ್ಟಿಗೆ, ಗಾರೆ ಎರಡೂ ಕೈಮಟ್ಟಕ್ಕೆ ಬಂದವು. ಒಂದು ಇಟ್ಟಿಗೆಗೆ 18 ಚಲನೆ ಬೇಕಾಗಿದ್ದಲ್ಲಿ ಐದು ಸಾಕಾದವು. ಹೆಂಡತಿ ಲಿಲಿಯನ್ ಮನಶ್ಶಾಸ್ತ್ರ ಓದಿದವಳು. ಇಬ್ಬರೂ ಸೇರಿ 1916ರಲ್ಲಿ ದಣಿವಿನ ಮೇಲೆಯೇ ಒಂದು ಪುಸ್ತಕ ಬರೆದರು. ಕೆಲಸಕ್ಕೆ ತಕ್ಕ ಕುರ್ಚಿ ಅವರ ಮುಖ್ಯ ಆಸಕ್ತಿಗಳಲ್ಲಿ ಒಂದು. ದಣಿವು ಕೆಲಸಗಾರನ ಸೋಮಾರಿತನವಲ್ಲ, ಕೆಲಸ ಜೋಡಿಸಿದ ರೀತಿಯ ದೋಷ ಎಂದು ತೋರಿಸಿಕೊಟ್ಟದ್ದು ಈ ದಂಪತಿಯ ದೊಡ್ಡ ಕಾಣಿಕೆ.

ಇಲ್ಲಿ ನಮ್ಮ ಮಲೆನಾಡಿನ ಗೊರಬನ್ನು ನೆನೆಯದೆ ಮುಂದೆ ಹೋಗಲಾರೆ. ಆಷಾಢದ ಮಳೆಯಲ್ಲಿ ಸಸಿ ನೆಡುವ ಹೆಂಗಸಿಗೆ ಕೊಡೆ ಪ್ರಯೋಜನವಿಲ್ಲ, ಒಂದು ಕೈಯನ್ನು ಅದೇ ತಿಂದುಬಿಡುತ್ತದೆ. ಬಿದಿರಿನ ಹೆಣಿಗೆಗೆ ಎಲೆ ಹೊದಿಸಿದ ಗೊರಬು ತಲೆಯಿಂದ ಬೆನ್ನಿನುದ್ದಕ್ಕೂ ಇಳಿದು, ಬಗ್ಗಿದ ಮೈಯನ್ನು ಮುಚ್ಚಿ, ಎರಡೂ ಕೈಗಳನ್ನು ನಾಟಿಗೆ ಬಿಡುತ್ತದೆ. ಯಾವ ಎಂಜಿನಿಯರನೂ ಇದನ್ನು ರೂಪಿಸಲಿಲ್ಲ. ಮಳೆಯಲ್ಲಿ ನೆಂದವರೇ ಮಾಡಿಕೊಂಡದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಅನ್ವಯವಾದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ, ಕೊಡೆ, ಕಂಬಳಿ, ರೇನ್‌ಕೋಟುಗಳನ್ನು ಮಾಲೀಕರೇ ಒದಗಿಸುವಂತೆ ನಿಯಮ ಮಾಡಬಹುದು ಎಂದು ಸರ್ಕಾರಗಳಿಗೆ ಹೇಳಿತು. ಕಂಬಳಿ ಕೊಪ್ಪೆ ಹಾಕಿಕೊಂಡು ಕೆಲಸಕ್ಕೆ ಹೋದವರಿಗೆ ಗೊತ್ತು, ಆ ಕಲಮನ್ನು ಬರೆದವರು ಯಾರೋ ಮಳೆಯನ್ನು ಕಂಡವರೇ ಇರಬೇಕೆಂದು.

ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳನ್ನು ಮ್ಯಾನೇಜ್‌ಮೆಂಟ್ ಓದಿದವರೆಲ್ಲ ಬಲ್ಲರು. 1924ರಿಂದ ಅಲ್ಲಿ ಬೆಳಕು ಹೆಚ್ಚಿಸಿ ನೋಡಿದರು, ಕೆಲಸ ಹೆಚ್ಚಿತು. ಬೆಳಕು ತಗ್ಗಿಸಿದರೂ ಹೆಚ್ಚಿತು. 1927ರಿಂದ ಟೆಲಿಫೋನಿನ ರಿಲೇ ಜೋಡಿಸುವ ಕೆಲವೇ ಹೆಣ್ಣುಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಐದು ನಿಮಿಷದ ಬಿಡುವು, ಹತ್ತು ನಿಮಿಷದ ಬಿಡುವು, ನಡುವೆ ಉಪಾಹಾರ ಹೀಗೆ ಒಂದೊಂದನ್ನೇ ಕೊಟ್ಟು ನೋಡಿದರು. ‘ಗಮನ ಸಿಕ್ಕರೆ ಸಾಕು, ಜನ ಚೆನ್ನಾಗಿ ದುಡಿಯುತ್ತಾರೆ’ ಎಂಬ ಪಾಠ ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ಈ ಪಾಠವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಆ ಕೋಣೆಯಲ್ಲಿ ಸಂಬಳದ ಲೆಕ್ಕವೂ ಬದಲಾಗಿತ್ತು. ತುಂಬ ಮಾತಾಡುತ್ತಾರೆಂದು ಇಬ್ಬರನ್ನು ಹೊರಗೆ ಕಳಿಸಿ ಬೇರೆಯವರನ್ನು ತಂದಿದ್ದರು. ಹಾಥಾರ್ನ್‌ನ ಹೆಸರಿನಲ್ಲಿ ‘ಬೆನ್ನು ತಟ್ಟಿದರೆ ಆಯಿತು, ಬೆಳಕು-ಬಿಡುವು ಮುಖ್ಯವಲ್ಲ’ ಎಂದುಕೊಂಡ ಆಡಳಿತಗಾರರು ಎಷ್ಟೋ ಮಂದಿ. ಬೆನ್ನು ತಟ್ಟಿದರೆ ಬೆನ್ನುನೋವು ಹೋಗುವುದಿಲ್ಲ.

ಯುದ್ಧದ ನಂತರದ ಜಪಾನು ಕೊಡಕ್‌ನ ಕಿಟಕಿಯನ್ನು ಮತ್ತೆ ತೊಳೆಯಿತು ಎನ್ನಬಹುದು. ಟೊಯೊಟಾ 1951ರಲ್ಲಿ ಕೆಲಸಗಾರರ ಸಲಹೆಗಳ ಪದ್ಧತಿ ತಂದಿತು. ನಿರಂತರ ಸಣ್ಣ ಸುಧಾರಣೆ ಎಂಬ ಅರ್ಥದ ‘ಕೈಜೆನ್’ ಎಂಬ ಜಪಾನಿ ಮಾತು ಈಗ ಬಿಡದಿಯ ಆಸುಪಾಸಿನ ಬಿಡಿಭಾಗದ ಕಾರ್ಖಾನೆಗಳಲ್ಲಿ ಐಟಿಐ ಮುಗಿಸಿ ಬಂದ ಹುಡುಗರ ಬಾಯಲ್ಲೂ ಇದೆ. ಸ್ಪ್ಯಾನರನ್ನು ಕೈಗೆ ಸಿಗುವಲ್ಲಿ ನೇತುಹಾಕು, ಭಾರದ ಡಬ್ಬಿಗೆ ಚಕ್ರ ಹಚ್ಚು, ಇಂಥ ಸಲಹೆಗಳಿಗೆ ಅಲ್ಲಿ ಬೆಲೆಯಿದೆ. ಒಂದು ಎಚ್ಚರ ಮಾತ್ರ ಬೇಕು. ಉಳಿಸಿದ ಹತ್ತು ಸೆಕೆಂಡು ಕೆಲಸಗಾರನ ಉಸಿರಿಗೆ ಸಿಗಬೇಕು. ಅದೂ ಇನ್ನೊಂದು ಪೀಸಿಗೇ ಹೋದರೆ ಅದನ್ನು ಸುಧಾರಣೆ ಎನ್ನಲಾಗದು.

ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಕೆಲಸ. 1980ರ ದಶಕದ ಕೊನೆಗೆ ಜಪಾನಿನ ಕಝುತಾಕಾ ಕೋಗಿ ಮತ್ತು ಜೊತೆಗಾರರು ಏಷ್ಯಾದ ಸಣ್ಣ ಕಾರ್ಖಾನೆಗಳಿಗೆಂದು ತರಬೇತಿಯೊಂದನ್ನು ರೂಪಿಸಿದರು. ಹೊರಗಿನ ತಜ್ಞ ಬಂದು ತಪ್ಪು ಹುಡುಕುವ ಕ್ರಮ ಅದರಲ್ಲಿ ಇರಲಿಲ್ಲ. ಅದೇ ಊರಿನ, ಅಂಥದೇ ಪುಟ್ಟ ಶೆಡ್ಡುಗಳಲ್ಲಿ ಯಾರೋ ಆಗಲೇ ಮಾಡಿಕೊಂಡ ಒಳ್ಳೆಯ ಏರ್ಪಾಡಿನ ಫೋಟೊ ತೋರಿಸಿ, ‘ನಿಮ್ಮಲ್ಲಿ ಇದು ಆದೀತೇ?’ ಎಂದು ಕೇಳುವುದು ಅದರ ಕ್ರಮ. ತಪಾಸಣಾ ಪಟ್ಟಿಯಲ್ಲಿ ಸರಿ-ತಪ್ಪು ಎಂಬ ಕಾಲಮುಗಳೇ ಇಲ್ಲ. ‘ಈ ಕ್ರಮ ಕೈಗೊಳ್ಳಬೇಕೆನ್ನುತ್ತೀರಾ?’ ಎಂಬ ಪ್ರಶ್ನೆಗೆ ಮೂರು ಉತ್ತರ: ಬೇಡ, ಬೇಕು, ಮೊದಲು ಬೇಕು. 1996ರಲ್ಲಿ ಇಂಥ 128 ಅಂಶಗಳ ಪುಸ್ತಕ ಬಂತು. 2010ರ ಪರಿಷ್ಕರಣೆಯಲ್ಲಿ ಅವು 132 ಆದವು. ಕೆಲಸದ ಮೇಜು ಮೊಣಕೈ ಎತ್ತರಕ್ಕಿರಲಿ. ಸಾಮಾನನ್ನು ನೆಲದ ಮೇಲೆ ಹರಡದೆ ಹಲಗೆಯ ಮೇಲೆ ಜೋಡಿಸಿ. ಓಡಾಡುವ ದಾರಿ ತೆರವಾಗಿರಲಿ. ಗೋಡೆಗೆ ತಿಳಿ ಬಣ್ಣ ಬಳಿಯಿರಿ, ಬೆಳಕು ತಾನಾಗಿ ಹೆಚ್ಚುತ್ತದೆ. ಇದರಲ್ಲಿ ಬಹುಪಾಲು ನಮ್ಮ ಪೀಣ್ಯದ ಲೇತ್ ಶೆಡ್ಡಿನವರು ಒಂದು ಭಾನುವಾರದಲ್ಲಿ ಮಾಡಿಕೊಳ್ಳಬಹುದಾದದ್ದು.

ಇಷ್ಟೆಲ್ಲ ತಿಳಿವಳಿಕೆ ಜಗತ್ತಿನಲ್ಲಿದ್ದೂ ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರಿಗೆ ಶೌಚಾಲಯವಿರಲಿಲ್ಲ, ಕೂರಲು ಜಾಗವಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತು ಕಾಲು ಬಾತು, ನರ ಉಬ್ಬಿ, ನೀರು ಕುಡಿಯದೆ ಮೂತ್ರದ ಸೋಂಕು ಹತ್ತಿಸಿಕೊಂಡು ಮನೆಗೆ ಹೋಗುತ್ತಿದ್ದರು. ಅದೇ ಬೀದಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಪಿ. ವಿಜಿ ‘ಪೆಣ್‌ಕೂಟ್ಟು’ ಎಂಬ ಸಂಘಟನೆ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುರ್ಚಿ. 2014ರ ಕೊನೆಗೆ ತ್ರಿಶ್ಶೂರಿನಲ್ಲಿ ಸೀರೆ ಅಂಗಡಿಯೊಂದರ ಹೆಂಗಸರು ಅಂಗಡಿಯ ಮುಂದೆಯೇ ಕೂತು ಮುಷ್ಕರ ಹೂಡಿದರು. ‘ಇರಿಕ್ಕಲ್ ಸಮರಂ’, ಅಂದರೆ ಕೂರುವ ಹೋರಾಟ ಎಂದೇ ಅದಕ್ಕೆ ಹೆಸರಾಯಿತು. 2018ರಲ್ಲಿ ಕೇರಳ, 2021ರಲ್ಲಿ ತಮಿಳುನಾಡು ತಮ್ಮ ಅಂಗಡಿ ಕಾಯ್ದೆಗಳಿಗೆ ಕೂರುವ ಹಕ್ಕನ್ನು ಸೇರಿಸಿದವು. ಇಂಗ್ಲೆಂಡಿನ ಕಾಯ್ದೆಗೂ ಕೇರಳದ್ದಕ್ಕೂ ನಡುವೆ 119 ವರ್ಷ.

ಕಾನೂನು ಬರೆದ ಮಾತ್ರಕ್ಕೆ ಸುಖ ಬಂತೆನ್ನುವ ಹಾಗಿಲ್ಲ. ಬೆಂಗಳೂರು, ರಾಮನಗರ, ಮಂಡ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರನ್ನು ಮಾತಾಡಿಸಿ. ಕಾರ್ಖಾನೆಯಲ್ಲಿ ಫಿಲ್ಟರ್ ನೀರಿದೆ, ಶೌಚಾಲಯವಿದೆ. ಆದರೆ ಗಂಟೆಯ ಟಾರ್ಗೆಟ್ ತಲೆಯ ಮೇಲಿದೆ. ಎದ್ದು ಹೋದರೆ ಪೀಸು ಹಿಂದೆ ಬೀಳುತ್ತದೆ, ಸೂಪರ್‌ವೈಸರ್ ಬಾಯಿ ಮಾಡುತ್ತಾನೆ. ಆದ್ದರಿಂದ ನೀರೇ ಕುಡಿಯುವುದಿಲ್ಲ ಎನ್ನುವವರು ಸಿಗುತ್ತಾರೆ. ಇರುವುದು ಬೇರೆ, ಬಳಸಲು ಆಗುವುದು ಬೇರೆ. 250 ಜನರ ಲೈನಿಗೆ ನೀರಿನ ಯಂತ್ರ ಕೊಳ್ಳುವುದು ಸುಲಭ; ಟಾರ್ಗೆಟ್ ಹಾಕುವಾಗ ಎರಡು ಸಲ ಎದ್ದು ಹೋಗಿ ಬರುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುವುದೇ ನಿಜವಾದ ಸುಧಾರಣೆ. ಅದಕ್ಕೆ ದುಡ್ಡಿಗಿಂತ ಮನಸ್ಸು ಬೇಕು. ಐಟಿ ಕಚೇರಿಗಳ ಹೊಂದಿಸಬಹುದಾದ ಕುರ್ಚಿಗಳನ್ನು, ಕಾಫಿ ಯಂತ್ರಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಂಟು ಗಂಟೆ ತೆರೆಯ ಮುಂದೆ ಕೂರುವವರಿಗೂ ಬೆನ್ನಿದೆ, ಕಣ್ಣಿದೆ. ಅದೇ ಕಟ್ಟಡದ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯುರಿಟಿಯವನಿಗೂ ಒಂದು ಕುರ್ಚಿ, ನೆತ್ತಿಗೆ ನೆರಳು ಬೇಕು ಎಂಬುದಷ್ಟೇ ನನ್ನ ಮಾತು.

ಗೋಡೆಯೇ ಇಲ್ಲದ ಕೆಲಸದ ಜಾಗಗಳ ಕಡೆಗೂ ಈಗ ಕಣ್ಣು ಹೊರಳಿದೆ. ಬೀದಿ ಗುಡಿಸುವವರಿಗೆ ಬಟ್ಟೆ ಬದಲಿಸಲು, ಶೌಚಕ್ಕೆ, ತುಸು ವಿರಮಿಸಲು ಬೆಂಗಳೂರಿನಲ್ಲಿ ‘ಸುವಿಧಾ ಕ್ಯಾಬಿನ್’ಗಳು ಬಂದಿವೆ. ಎಪಿಎಂಸಿ ಯಾರ್ಡಿನ ಹಮಾಲರು ಒಂದು ಕಾಲಕ್ಕೆ ಕ್ವಿಂಟಲ್ ಚೀಲ ಹೊರುತ್ತಿದ್ದರು; ಧಾನ್ಯದ ಚೀಲ 50 ಕಿಲೋಗೆ ಇಳಿದದ್ದು ಅವರ ಬೆನ್ನುಮೂಳೆಗೆ ಆದ ಉಪಕಾರ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಮನೆಮನೆಗೆ ಊಟ ತಲುಪಿಸುವ ಹುಡುಗರು ಮಾತ್ರ ಈಗಲೂ ಹೋಟೆಲಿನ ಮೆಟ್ಟಿಲ ಮೇಲೆ, ಬೈಕಿನ ಸೀಟಿನ ಮೇಲೆ ಕಾಯುತ್ತಾರೆ.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕಾರ್ಖಾನೆ ಕಾಯ್ದೆ, ಪ್ಲಾಂಟೇಶನ್ ಕಾಯ್ದೆಗಳೂ ಸೇರಿ 13 ಕಾನೂನುಗಳು ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೊಳಗೆ ಕೂಡಿಕೊಂಡಿವೆ. ಕ್ಯಾಂಟೀನು ಈಗ 100 ಜನರಿದ್ದರೆ ಬೇಕು. ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಮಾಡುವ ಹೊಣೆ ಕಾರ್ಖಾನೆಯ ಗೇಟು ದಾಟಿ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ವ್ಯಾಪಾರದ ಜಾಗಗಳಿಗೂ ಬಂದಿದೆ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ ಈ ಲೆಕ್ಕದ ಹೊರಗೆ. ನಮ್ಮ ಪೇಟೆಗಳ ಎಷ್ಟೋ ಅಂಗಡಿಗಳಲ್ಲಿ ಇರುವವರು ನಾಲ್ಕೈದು ಜನ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಹಬ್ಬಕ್ಕೆ ಬಟ್ಟೆ ಕೊಳ್ಳಲು ಹೋದಾಗ, ನಿಮ್ಮ ಮುಂದೆ ಸೀರೆ ಹರಡಿ ಮಡಿಸುವ ಹುಡುಗಿಯ ಹಿಂದೆ ಸ್ಟೂಲು ಇದೆಯೇ ನೋಡಿ. ಇಲ್ಲದಿದ್ದರೆ ಬಿಲ್ಲಿನ ಹಣ ಕೊಡುವಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮಾಲೀಕರನ್ನು ಮೆಲ್ಲಗೆ ಕೇಳಿ. ಗಿರಾಕಿ ಕೇಳಿದ್ದನ್ನು ಅಂಗಡಿಯವರು ಮರೆಯುವುದಿಲ್ಲ.