ಸರಕು ವಾಹನಗಳ ಇಂಜಿನ್‌ಗಳಲ್ಲಿ ಬೂಸ್ಟ್ ಒತ್ತಡದ ವ್ಯತ್ಯಾಸ: ವಾಹನ ಮಾಲೀಕರು ಹಾಗೂ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹೆಚ್ಚುಕಡಿಮೆ ಒಂದೇ ಗಾತ್ರದ ಇಂಜಿನ್ ಹೊಂದಿರುವ ಎರಡು ಲಾರಿಗಳಲ್ಲಿ ಬೂಸ್ಟ್ ಒತ್ತಡವು ಬೇರೆ ಬೇರೆಯಾಗಿರುವುದು ಸಾಮಾನ್ಯ. ಕಡಿಮೆ ಒತ್ತಡ ತೋರಿಸುವ ಇಂಜಿನ್ ದೋಷಪೂರಿತವೆಂದು ಭಾವಿಸಿ, ಅದನ್ನು ಹೆಚ್ಚಿಸಲು ಕೆಲವು ಮಾಲೀಕರು ಮುಂದಾಗುವುದುಂಟು. ಇದು ಸರಿಯಾದ ಕ್ರಮವಲ್ಲ. ಬೂಸ್ಟ್ ಒತ್ತಡವು ಆಯಾ ಇಂಜಿನ್‌ನ ರಚನೆಗೆ ಅನುಗುಣವಾಗಿ ತಯಾರಕರು ನಿಗದಿಪಡಿಸಿರುವ ಪ್ರಮಾಣವಾಗಿದ್ದು, ಅದನ್ನು ಅದೇ ಮಾದರಿಯ ಇಂಜಿನ್‌ಗೆ ನಿಗದಿಯಾದ ಅಂಕಿಯೊಂದಿಗೆ ಮಾತ್ರ ಹೋಲಿಸತಕ್ಕದ್ದು. ಇದಕ್ಕೆ ಕಾರಣಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಬೂಸ್ಟ್ ಒತ್ತಡ ಎಂದರೇನು?

ಡೀಸೆಲ್ ಪೂರ್ಣವಾಗಿ ಉರಿಯಲು ಸಾಕಷ್ಟು ಗಾಳಿ ಅವಶ್ಯಕ. ಸಾಧಾರಣ ಇಂಜಿನ್ ತನ್ನ ಪಿಸ್ಟನ್‌ಗಳ ಚಲನೆಯಿಂದಲೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದಕ್ಕಿಂತ ಹೆಚ್ಚಿನ ಗಾಳಿಯನ್ನು ಒತ್ತಿ ತುಂಬುವ ಸಾಧನಕ್ಕೆ ಸೂಪರ್‌ಚಾರ್ಜರ್ ಎಂದು ಹೆಸರು. ಬೆಲ್ಟ್ ಅಥವಾ ಗಿಯರ್ ಮೂಲಕ ಇಂಜಿನ್ನೇ ತಿರುಗಿಸುವುದು ಒಂದು ಬಗೆ. ಹೊಗೆ ಕೊಳವೆಯತ್ತ ಸಾಗುವ ಬಿಸಿ ಅನಿಲದಿಂದ ತಿರುಗುವುದು ಮತ್ತೊಂದು ಬಗೆ. ಇದನ್ನು ಟರ್ಬೊಚಾರ್ಜರ್ ಎನ್ನಲಾಗುತ್ತದೆ. ಸ್ವಿಟ್ಜರ್ಲೆಂಡ್‌ನ ಆಲ್‌ಫ್ರೆಡ್ ಬ್ಯೂಖಿ ಅವರು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ದೇಶದ ಲಾರಿಗಳಲ್ಲಿ ಕಂಡುಬರುವುದು ಬಹುತೇಕ ಟರ್ಬೊಚಾರ್ಜರ್ ಆಗಿರುತ್ತದೆ.

ವಾತಾವರಣದ ಒತ್ತಡಕ್ಕಿಂತ ಮೇಲ್ಪಟ್ಟ ಒತ್ತಡವೇ ಬೂಸ್ಟ್ ಒತ್ತಡ. ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 1.01 ಬಾರ್. ಅಲ್ಲಿ ಮಾಪಕವು 1 ಬಾರ್ ತೋರಿಸಿದಲ್ಲಿ, ಇಂಜಿನ್‌ಗೆ ಹೋಗುವ ಗಾಳಿಯ ಒಟ್ಟು ಒತ್ತಡ ಸುಮಾರು 2 ಬಾರ್ ಆಗಿರುತ್ತದೆ. ಮಾಪಕವು ಯಾವ ಅಳತೆಯಲ್ಲಿದೆ ಎಂಬುದನ್ನೂ ಮೊದಲು ನೋಡತಕ್ಕದ್ದು. 1 ಬಾರ್ ಎಂದರೆ 14.5 ಪಿ.ಎಸ್.ಐ. ಅಥವಾ ಪ್ರತಿ ಚದರ ಸೆಂಟಿಮೀಟರಿಗೆ 1.02 ಕಿಲೋಗ್ರಾಂ.

3. ಇಂಜಿನ್‌ನಿಂದ ಇಂಜಿನ್‌ಗೆ ಒತ್ತಡ ವ್ಯತ್ಯಾಸವಾಗಲು ಕಾರಣಗಳು

(ಅ) ಸಾಧನದ ಬಗೆ: ಅಮೆರಿಕದಲ್ಲಿ 1938ರಲ್ಲಿ ಬಂದ ಡೆಟ್ರಾಯಿಟ್ ಡೀಸೆಲ್ 71 ಶ್ರೇಣಿಯ ಎರಡು ಸ್ಟ್ರೋಕ್ ಇಂಜಿನ್‌ಗಳಲ್ಲಿ ಇಂಜಿನ್ನೇ ತಿರುಗಿಸುವ ರೂಟ್ಸ್ ಬ್ಲೋವರ್ ಅಳವಡಿಸಲಾಗಿತ್ತು. ಸುಟ್ಟ ಅನಿಲವನ್ನು ಹೊರದೂಡಿ ಹೊಸ ಗಾಳಿ ತುಂಬುವುದು ಅದರ ಮುಖ್ಯ ಕೆಲಸ. ಆ ಸಮಯದಲ್ಲಿ ನಿರ್ಗಮ ಕವಾಟಗಳು ತೆರೆದಿರುವುದರಿಂದ ಒತ್ತಡವು ಹೆಚ್ಚು ಏರುವುದಿಲ್ಲ. ನಾಲ್ಕು ಸ್ಟ್ರೋಕ್ ಟರ್ಬೊ ಇಂಜಿನ್‌ನ ಅಂಕಿಯನ್ನು ಇದರೊಂದಿಗೆ ಹೋಲಿಸಲಾಗದು.

(ಆ) ನಿಗದಿತ ಶಕ್ತಿ: ಹೆಚ್ಚು ಶಕ್ತಿಗೆ ಹೆಚ್ಚು ಇಂಧನ, ಅದಕ್ಕೆ ತಕ್ಕಂತೆ ಹೆಚ್ಚು ಗಾಳಿ ಬೇಕು. ವೋಲ್ವೊ ಸಂಸ್ಥೆಯು 1954ರಲ್ಲಿ ತನ್ನ ಟೈಟನ್ ಲಾರಿಯ 9.6 ಲೀಟರ್ ಇಂಜಿನ್‌ಗೆ ಟರ್ಬೊ ಅಳವಡಿಸಿದಾಗ ಶಕ್ತಿಯು 150ರಿಂದ 185 ಅಶ್ವಶಕ್ತಿಗೆ ಏರಿತು. ಇಂಜಿನ್ ಗಾತ್ರ ಬದಲಾಗಲಿಲ್ಲ. ಆದ್ದರಿಂದ ಗಾತ್ರ ಒಂದೇ ಎಂದ ಮಾತ್ರಕ್ಕೆ ಒತ್ತಡವೂ ಒಂದೇ ಇರಬೇಕೆಂದು ನಿರೀಕ್ಷಿಸಲಾಗದು.

(ಇ) ಇಂಟರ್‌ಕೂಲರ್: ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗಿ ಹಿಗ್ಗುತ್ತದೆ. ಉದಾಹರಣೆಗೆ, 30 ಡಿಗ್ರಿ ಸೆಲ್ಸಿಯಸ್‌ನ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ತಂದಲ್ಲಿ ಉಷ್ಣತೆಯು ಸುಮಾರು 118 ಡಿಗ್ರಿಗೆ ಏರಬಹುದು. ಆಗ ಗಾಳಿಯ ಸಾಂದ್ರತೆ ಇಮ್ಮಡಿಯಾಗದೆ ಸುಮಾರು 1.55 ಪಟ್ಟು ಮಾತ್ರ ಆಗುತ್ತದೆ. ಅದೇ ಗಾಳಿಯನ್ನು 55 ಡಿಗ್ರಿಗೆ ತಣಿಸಿದಲ್ಲಿ ಸಾಂದ್ರತೆ ಸುಮಾರು 1.85 ಪಟ್ಟು ಆಗುತ್ತದೆ. ಮಾಪಕದ ಅಂಕಿ ಒಂದೇ. ಒಳಹೋಗುವ ಗಾಳಿ ಮಾತ್ರ ಬೇರೆ. ಹೀಗಾಗಿ ಇಂಟರ್‌ಕೂಲರ್ ಇರುವ ಇಂಜಿನ್ ಕಡಿಮೆ ಒತ್ತಡದಲ್ಲಿಯೂ ಅಷ್ಟೇ ಗಾಳಿ ಪಡೆಯಬಲ್ಲದು. 1993ರಲ್ಲಿ ಸ್ಥಾಪನೆಯಾದ ಟಾಟಾ ಕಮಿನ್ಸ್ ಸಂಸ್ಥೆಯ ಮೂಲಕ ನಮ್ಮ ರಸ್ತೆಗಳಿಗೆ ಬಂದ 5.9 ಲೀಟರ್ ಬಿ ಶ್ರೇಣಿಯ ಇಂಜಿನ್‌ಗಳ ಹೆಸರಿನಲ್ಲಿಯೇ ಈ ವ್ಯತ್ಯಾಸವಿದೆ: 6ಬಿಟಿ ಎಂಬಲ್ಲಿ ಟಿ ಎಂದರೆ ಟರ್ಬೊ, 6ಬಿಟಿಎ ಎಂಬಲ್ಲಿನ ಎ ಅಕ್ಷರವು ಗಾಳಿ ತಣಿಸುವ ವ್ಯವಸ್ಥೆಯನ್ನು ಸೂಚಿಸುತ್ತದೆ.

(ಈ) ಇಂಜಿನ್‌ನ ಬಲ: ಸಿಲಿಂಡರ್‌ನೊಳಗೆ ಗಾಳಿಯು ಮತ್ತೊಮ್ಮೆ ಹದಿನಾರು, ಹದಿನೇಳು ಪಟ್ಟು ಅದುಮಲ್ಪಡುತ್ತದೆ. ಒಳಬರುವ ಗಾಳಿಯ ಒಟ್ಟು ಒತ್ತಡ ಇಮ್ಮಡಿಯಾದಲ್ಲಿ ಸಿಲಿಂಡರ್‌ನೊಳಗಿನ ಒತ್ತಡವೂ ಸುಮಾರು ಇಮ್ಮಡಿಯಾಗುತ್ತದೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಹೆಡ್ ಗ್ಯಾಸ್ಕೆಟ್ ಹಾಗೂ ಬೇರಿಂಗ್‌ಗಳು ಎಷ್ಟು ತಡೆಯಬಲ್ಲವೋ ಅಷ್ಟಕ್ಕೆ ಮಾತ್ರ ತಯಾರಕರು ಬೂಸ್ಟ್ ಮಿತಿಯನ್ನು ಇಟ್ಟಿರುತ್ತಾರೆ. ಟರ್ಬೊ ಇಲ್ಲದೆ ತಯಾರಾದ ಇಂಜಿನ್‌ಗೆ ಹೊರಗಿನಿಂದ ಟರ್ಬೊ ಜೋಡಿಸುವುದು ಅಪಾಯಕರವಾಗಲು ಇದೇ ಕಾರಣ.

(ಉ) ಟರ್ಬೊ ಗಾತ್ರ ಮತ್ತು ನಿಯಂತ್ರಣ: ಚಿಕ್ಕ ಟರ್ಬೊ ಕಡಿಮೆ ವೇಗದಲ್ಲಿಯೇ ಒತ್ತಡ ಕೊಡುತ್ತದೆ, ದೊಡ್ಡದು ತಡವಾಗಿ ಕೊಡುತ್ತದೆ. ವೇಸ್ಟ್‌ಗೇಟ್ ಕವಾಟವಿರುವಲ್ಲಿ ಮಿತಿ ತಲುಪಿದೊಡನೆ ಹೊಗೆ ಅನಿಲದ ಒಂದು ಭಾಗವು ಟರ್ಬೈನನ್ನು ಬಿಟ್ಟು ಹೊರಹೋಗುತ್ತದೆ.

(ಊ) ಮಾಲಿನ್ಯ ಮಿತಿ: ದಿನಾಂಕ 1-4-2020ರಿಂದ ಭಾರತ್ ಹಂತ 6 ಮಾನದಂಡ ಜಾರಿಗೆ ಬಂದಿದೆ. ಹೊಗೆ ಅನಿಲದ ಒಂದಂಶವನ್ನು ಮರಳಿ ಒಳಗೆ ಕಳುಹಿಸುವ ವ್ಯವಸ್ಥೆಯುಳ್ಳ ಇಂಜಿನ್‌ಗಳಲ್ಲಿ ಆ ಅನಿಲವು ಜಾಗ ಆಕ್ರಮಿಸುವುದರಿಂದ, ಅಷ್ಟೇ ಆಮ್ಲಜನಕ ದೊರೆಯಲು ಹೆಚ್ಚಿನ ಒತ್ತಡ ಬೇಕಾಗುತ್ತದೆ.

4. ಒಂದೇ ಲಾರಿಯಲ್ಲಿ ಕಂಡುಬರುವ ವ್ಯತ್ಯಾಸ

ನಿಂತಲ್ಲಿಯೇ ಇಂಜಿನ್ ಓಡುವಾಗ ಬೂಸ್ಟ್ ಬಹುತೇಕ ಶೂನ್ಯವಿರುತ್ತದೆ. ತುಂಬಿದ ಲಾರಿ ಶಿರಾಡಿ ಘಾಟಿ ಏರುವಾಗ ಅದು ಪೂರ್ಣ ಮಟ್ಟಕ್ಕೆ ಬರುತ್ತದೆ. ಖಾಲಿ ಲಾರಿಯ ಅಂಕಿಯನ್ನು ತುಂಬಿದ ಲಾರಿಯ ಅಂಕಿಯೊಂದಿಗೆ ಹೋಲಿಸುವುದರಿಂದ ಪ್ರಯೋಜನವಿಲ್ಲ. ಎತ್ತರವೂ ಪರಿಣಾಮ ಬೀರುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 0.91 ಬಾರ್. ಟರ್ಬೊ ಎರಡೂ ಕಡೆ ಗಾಳಿಯನ್ನು ಇಮ್ಮಡಿ ಒತ್ತಡಕ್ಕೆ ತಂದರೂ ಮಾಪಕವು ಮಂಗಳೂರಿನಲ್ಲಿ 1.01, ಬೆಂಗಳೂರಿನಲ್ಲಿ 0.91 ಬಾರ್ ತೋರಿಸುತ್ತದೆ. ಇದು ದೋಷವಲ್ಲ.

ಆದರೆ ಅದೇ ರಸ್ತೆ, ಅದೇ ಹೊರೆಯಲ್ಲಿ ಮೊದಲಿದ್ದ ಒತ್ತಡವು ಈಗ ಬಾರದಿದ್ದಲ್ಲಿ ಅದು ದೋಷದ ಸೂಚನೆ. ಹರಿದ ಹೋಸ್ ಪೈಪ್, ಸಡಿಲವಾದ ಕ್ಲಾಂಪ್, ಧೂಳು ತುಂಬಿದ ಏರ್ ಫಿಲ್ಟರ್, ಸೋರುವ ಇಂಟರ್‌ಕೂಲರ್ ಅಥವಾ ಸವೆದ ಟರ್ಬೊ ಬೇರಿಂಗ್ ಇದಕ್ಕೆ ಕಾರಣವಾಗಿರಬಹುದು. ಕಡಿಮೆ ಖರ್ಚಿನ ಹೋಸ್ ಪೈಪನ್ನು ಮೊದಲು ಪರಿಶೀಲಿಸಿ, ನಂತರ ಟರ್ಬೊ ಬದಲಾವಣೆಯ ಬಗ್ಗೆ ಯೋಚಿಸುವುದು ಸೂಕ್ತ.

5. ಒತ್ತಡವನ್ನು ಮಾರ್ಪಡಿಸುವುದರ ಪರಿಣಾಮ

ವೇಸ್ಟ್‌ಗೇಟ್ ಬಿಗಿಗೊಳಿಸಿ ಅಥವಾ ಪಂಪಿನ ಇಂಧನ ಪ್ರಮಾಣ ಏರಿಸಿ ಪಡೆಯುವ ಹೆಚ್ಚುವರಿ ಎಳೆತವು ತಾತ್ಕಾಲಿಕ. ಟರ್ಬೊ ಮಿತಿಮೀರಿದ ವೇಗದಲ್ಲಿ ತಿರುಗಿ ಹಾಳಾಗುತ್ತದೆ. ಹೆಡ್ ಗ್ಯಾಸ್ಕೆಟ್ ಒಡೆಯುತ್ತದೆ. ಗಾಳಿಗಿಂತ ಇಂಧನ ಹೆಚ್ಚಾದಲ್ಲಿ ಕಪ್ಪು ಹೊಗೆ ಬರುತ್ತದೆ. ಒಂದೇ ಲಾರಿಯನ್ನು ನಂಬಿ, ಸಾಲದ ಕಂತು ಕಟ್ಟುತ್ತಾ ಜೀವನ ಸಾಗಿಸುವ ಮಾಲೀಕರಿಗೆ ಇಂಜಿನ್ ಬಿಚ್ಚಿಸುವ ವೆಚ್ಚದೊಂದಿಗೆ ಬಾಡಿಗೆಯ ದಿನಗಳೂ ನಷ್ಟವಾಗುತ್ತವೆ. ಘಾಟಿಯ ತಿರುವಿನಲ್ಲಿ ತುಂಬಿದ ವಾಹನದ ಇಂಜಿನ್ ಕೈಕೊಟ್ಟಲ್ಲಿ ಇತರರ ಪ್ರಾಣಕ್ಕೂ ಅಪಾಯ.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(1) ಮೋಟಾರು ವಾಹನ ಕಾಯ್ದೆ, 1988ರ ಕಲಂ 52ರನ್ವಯ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ.

(2) ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 115ರಲ್ಲಿ ಹೊಗೆಯ ಮಿತಿಗಳನ್ನು ನಿಗದಿಪಡಿಸಲಾಗಿದೆ. ಹೊಗೆಯ ಮಿತಿ ಮೀರಿದ ವಾಹನಕ್ಕೆ ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ದೊರೆಯುವುದಿಲ್ಲ.

(3) ಅರ್ಹತಾ ಪತ್ರ ಅಂದರೆ ಎಫ್.ಸಿ. ನವೀಕರಣಕ್ಕೆ ವಾಹನ ಹಾಜರುಪಡಿಸುವ ಮುನ್ನ ಏರ್ ಫಿಲ್ಟರ್, ಹೋಸ್ ಪೈಪ್ ಹಾಗೂ ಕ್ಲಾಂಪ್‌ಗಳನ್ನು ಪರಿಶೀಲಿಸಿಕೊಳ್ಳುವುದು.

(4) ನಿಗದಿತ ಬೂಸ್ಟ್ ಒತ್ತಡವನ್ನು ತಯಾರಕರ ಸರ್ವಿಸ್ ಕೈಪಿಡಿಯಿಂದ ಅಥವಾ ಅಧಿಕೃತ ಸೇವಾ ಕೇಂದ್ರದಿಂದ ತಿಳಿದುಕೊಳ್ಳುವುದು. ವಿಚಾರಿಸುವಾಗ ಇಂಜಿನ್ ಮಾದರಿ ಹಾಗೂ ಭಾರತ್ ಹಂತವನ್ನು ತಪ್ಪದೆ ತಿಳಿಸುವುದು.

(5) ಹಳೆಯ ವಾಹನ ಖರೀದಿಸುವವರು, ಇಂಜಿನ್‌ಗೆ ಜೋಡಿಸಿರುವ ಟರ್ಬೊ ಅದೇ ಮಾದರಿಗೆ ಸೇರಿದ್ದೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವುದು ಒಳಿತು.

ಸೂಚನೆ: ಮೇಲ್ಕಂಡ ವಿವರಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನಿನ ವಿಷಯದಲ್ಲಿ ಕಾಯ್ದೆ ಹಾಗೂ ನಿಯಮಗಳೇ ಅಂತಿಮವಾಗಿರುತ್ತವೆ.